ಪರದೇಶದಲ್ಲಿ ಓದುವ ಮಕ್ಕಳ ಮನಃಸ್ವಾಸ್ಥ್ಯ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿರುವರು. ಶ್ರೀಮಠದ ಭಕ್ತರ ಮಕ್ಕಳನೇಕರು ಇಂದು ಉಚ್ಚವಿದ್ಯೆಗಾಗಿ ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಿಗೆ ತೆರಳುತ್ತಿರುವರು. ಅವರಿಗೆ ಬೇಕಾದ ಹಣ, ಉಡುಪು, ಚಟ್ನಿಪುಡಿ, ರೊಟ್ಟಿಗಳನ್ನು ನಾವು ಮರೆಯದೆ ಅಣಿಗೊಳಿಸುವೆವು. ಅವರ ಮನಸ್ಸಿನ ಕ್ಷೇಮಕ್ಕಾಗಿ ಏನನ್ನು ಅಣಿಗೊಳಿಸಿರುವೆವೆಂಬುದೇ ಇಂದಿನ ವಿಚಾರವು.

ಮೇಧಾವಿಗಳನ್ನು ಮನೋವ್ಯಥೆಯು ಮುಟ್ಟದೆಂದು ಕೆಲವರ ನಂಬಿಕೆ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಚರಿತ್ರೆಯು ಇದನ್ನು ಅಲ್ಲಗಳೆಯುವುದು. ಅವರು 1914ನೆಯ ಇಸವಿಯಲ್ಲಿ, ತಮ್ಮ 26ನೆಯ ವಯಸ್ಸಿನಲ್ಲಿ, ಮದರಾಸಿನಿಂದ ಹಡಗನ್ನೇರಿ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದರು. ಹಾರ್ಡಿಯವರಂತಹ ವಿದ್ವಾಂಸರ ಆಶ್ರಯವು ದೊರೆಯಿತು, ಕೀರ್ತಿಯು ಬೆಳೆಯಿತು. ಆದರೆ ಅವರು ಕಟ್ಟುನಿಟ್ಟಿನ ಶಾಕಾಹಾರಿಗಳಾಗಿ ತಮ್ಮ ಅಡಿಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಅದೇ ವರುಷ ಮಹಾಯುದ್ಧವು ಆರಂಭವಾಗಿ ಆಹಾರಪದಾರ್ಥಗಳು ದುರ್ಲಭವಾದುವು. ಚಳಿ, ಒಂಟಿತನ, ಹೊತ್ತುಗೊತ್ತಿಲ್ಲದ ಊಟ ನಿದ್ರೆಗಳು ದೇಹವನ್ನೂ ಮನವನ್ನೂ ಕುಂದಿಸಿದುವು. 1917ರಲ್ಲಿ ರೋಗಪೀಡಿತರಾದರು. 1918ರಲ್ಲಿ ಪ್ರಾಣವನ್ನೇ ತೊರೆಯಲೆಳಸಿ ಅದೃಷ್ಟವಶಾತ್ ಉಳಿದರೆಂದು ಅವರ ಚರಿತ್ರಕಾರರು ಬರೆದಿರುವರು. ರಾಯಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಆರಿಸಿದುದೂ ಅದೇ ವರುಷ! ಮಾನಸನ್ಮಾನಗಳು ಮನಸ್ಸಿನ ಗಾಯಕ್ಕೆ ಮದ್ದಾಗಲಾರವು.

ಇಂದು ಕೈಯಲ್ಲಿಯೇ ದೂರವಾಣಿಯಿದೆಯಲ್ಲ ಎನ್ನುವಿರಿ. ನಿಜ. ಆದರೆ ಲಂಡನ್ನಿನಲ್ಲಿ ಡಿಸೆಂಬರ್ ತಿಂಗಳ ಹಗಲು 8 ಗಂಟೆಗಳಷ್ಟೇ. ನಾಲ್ಕು ಗಂಟೆಗೆಲ್ಲ ಕತ್ತಲೆ. ಬೆಳಕಿನ ಕೊರತೆಯಿಂದಲೂ ಖಿನ್ನತೆಯುಂಟಾಗುವುದೆಂದು ವೈದ್ಯರು ಬಲ್ಲರು. ಅಲ್ಲಿ ರಾತ್ರಿ ಎಂಟಾದಾಗ ಇಲ್ಲಿ ಒಂದೂವರೆ. ನೊಂದ ಮಗುವು, ‘ಅಪ್ಪ ಅವ್ವ ಮಲಗಿರುವರು, ಎಬ್ಬಿಸುವುದೇಕೆ?’ ಎಂದು ಸುಮ್ಮನಾಗುವುದು. ಹೊಲವನ್ನು ಅಡವಿಟ್ಟು ಕಳುಹಿಸಿದ ತಂದೆಗೆ ‘ನನ್ನಿಂದಾಗದು’ ಎನ್ನಲು ನಾಲಗೆಯು ಏಳದು.

ಆದುದರಿಂದ, ತಾಯಿತಂದೆಗಳೆ, ಅಂಕಗಳನ್ನು ಕೇಳುವ ಮುನ್ನ ಊಟವೇನು, ನಿದ್ರೆ ಬಂದಿತೆ, ಜೊತೆಯಲ್ಲಿ ಯಾರಿರುವರು ಎಂದು ಕೇಳಿರಿ. ‘ಎಷ್ಟು ಹೊತ್ತಾದರೂ ಎಬ್ಬಿಸು, ತಾಳಲಾರದಾದರೆ ಮರಳಿ ಬಾ, ಮನೆ ನಿನ್ನದೇ’ ಎಂಬ ಅಭಯವನ್ನು ಹೊರಡುವ ಮೊದಲೇ ಕೊಡಿರಿ. ಎರಡು ವಾರಗಳ ಕಾಲ ನಿದ್ರೆಯಿಲ್ಲದೆ, ಯಾವುದರಲ್ಲಿಯೂ ರುಚಿಯಿಲ್ಲದೆ ಇದ್ದರೆ ವೈದ್ಯರಲ್ಲಿಗೆ ಹೋಗಲು ಹೇಳಿರಿ. ಜನರು ಹುಚ್ಚೆಂದಾರೆಂಬ ಅಂಜಿಕೆ ಬೇಡ. ಜ್ವರಕ್ಕೆ ಔಷಧವನ್ನು ಕೊಡಿಸಲು ನಾವು ನಾಚುವೆವೆ?

ವಿದ್ಯಾರ್ಥಿಗಳೆ, ಆ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ದುಃಖವನ್ನು ಕೇಳಿ ಸಲಹೆ ಕೊಡುವ ಆಪ್ತಸಮಾಲೋಚಕರಿರುವರು. ಮೊದಲ ವಾರದಲ್ಲಿಯೇ ಅವರ ಸ್ಥಳವನ್ನು ತಿಳಿದುಕೊಳ್ಳಿರಿ. ಇಂಗ್ಲೆಂಡಿನಲ್ಲಿ 116 123, ಅಮೆರಿಕದಲ್ಲಿ 988 ಸಂಖ್ಯೆಗಳಿಗೆ ಹಗಲಿರುಳೂ ಕರೆಮಾಡಬಹುದು. ಇಲ್ಲಿರುವ ಪಾಲಕರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು 14416ರಲ್ಲಿ ಕನ್ನಡದಲ್ಲಿಯೇ ದೊರೆಯುವುದು.

ಕಡೆಯದಾಗಿ, ಆ ದೇಶಗಳಲ್ಲಿ ನೆಲೆಸಿರುವ ಭಕ್ತರಲ್ಲಿ ಒಂದು ಬಿನ್ನಹ. ವಾರಕ್ಕೊಮ್ಮೆ ಒಬ್ಬ ವಿದ್ಯಾರ್ಥಿಯನ್ನು ಮನೆಗೆ ಕರೆದು, ಬಿಸಿರೊಟ್ಟಿ ಬಡಿಸಿ, ಕನ್ನಡದಲ್ಲಿ ಮಾತನಾಡಿಸಿರಿ. ಶ್ರೀಮಠವು ಕಲಿಸಿದ ದಾಸೋಹಕ್ಕೆ ಅಲ್ಲಿ ಇದಕ್ಕಿಂತ ಯೋಗ್ಯವಾದ ರೂಪವಿರಲಾರದು.