ರಕ್ತ ಕೊಟ್ಟವರೇ ಪ್ರಶ್ನೆಯನ್ನೂ ಕೇಳಲಿ

1986ರ ಫೆಬ್ರುವರಿ. ಮದ್ರಾಸ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ, ಮನೆಯ ಫ್ರಿಜ್ಜಿನಲ್ಲಿ ಕಾಪಾಡಿಟ್ಟಿದ್ದ ರಕ್ತದ ಮಾದರಿಗಳನ್ನು ಐಸ್ ಡಬ್ಬಿಗೆ ತುಂಬಿಕೊಂಡು ಗಂಡನ ಜೊತೆ ರಾತ್ರಿ ರೈಲು ಹತ್ತಿದರು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಆರು ಮಾದರಿಗಳು ಹಳದಿಗೆ ತಿರುಗಿದವು. ಭಾರತದಲ್ಲೂ ಎಚ್‌ಐವಿ ಇದೆಯೆಂದು ಗೊತ್ತಾದದ್ದು ಹೀಗೆ. ನಮ್ಮ ದೇಶಕ್ಕೆ ಆ ರೋಗ ಎಲ್ಲಿಂದ ಬರಬೇಕು ಎಂದು ಜನ ನಿಶ್ಚಿಂತೆಯಿಂದಿದ್ದಾಗ, ಹುಡುಕಿ ನೋಡು ಎಂದು ಶಿಷ್ಯೆಯನ್ನು ಕಳಿಸಿದವರು ಡಾ. ಸುನೀತಿ ಸಾಲೊಮನ್.

ಆ ಧೈರ್ಯಕ್ಕೆ ಕೈಮುಗಿಯಲೇಬೇಕು. ಆದರೆ ರಕ್ತ ಕೊಟ್ಟ ಲೈಂಗಿಕ ಕಾರ್ಯಕರ್ತೆಯರಿಗೆ ಅದು ಏಡ್ಸ್ ಪರೀಕ್ಷೆಯೆಂದು ಯಾರೂ ಹೇಳಿರಲಿಲ್ಲ. ಮುಂದೆ ನಿರ್ಮಲಾ ಅವರೇ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ದೇಶದ ಕಣ್ಣು ತೆರೆಸಿದ ಆ ಹೆಣ್ಣುಮಕ್ಕಳ ಪಾಲಿಗೆ ಉಳಿದದ್ದು ಸೂಜಿಯ ಚುಚ್ಚು ಮಾತ್ರ.

ಗೆಳೆಯರೇ, ಆ ಹೆಣ್ಣುಮಕ್ಕಳ ಸಾಲವನ್ನು ತೀರಿಸಬೇಕಾದವರು ನೀವು.

ತೀರಿಸಲು ದಾರಿಯಿದೆ. ಎಚ್‌ಐವಿ ಮಾತ್ರೆ ಬೇಗ ಶುರು ಮಾಡಿದರೆ ಸೋಂಕು ಸಂಗಾತಿಗೆ ದಾಟುವುದು ಶೇ 96ರಷ್ಟು ತಗ್ಗುತ್ತದೆಂದು 2011ರಲ್ಲಿ ಜಗತ್ತಿಗೆ ತೋರಿಸಿದ ಪ್ರಯೋಗದಲ್ಲಿ ಒಂಬತ್ತು ದೇಶಗಳ 1,763 ಜೋಡಿಗಳಿದ್ದವು. ಚೆನ್ನೈನ ದಂಪತಿಗಳೂ ಅವರಲ್ಲಿದ್ದರು, ಎಲ್ಲ ತಿಳಿದು, ಒಪ್ಪಿ. ಮೈಸೂರಿನ ಆಶೋದಯ ಸಮಿತಿ ಇನ್ನೂ ಒಂದು ಹೆಜ್ಜೆ ಮುಂದೆ. ಲೈಂಗಿಕ ಕಾರ್ಯಕರ್ತರೇ ನಡೆಸುವ ಆ ಸಂಘಟನೆ, ಸೋಂಕು ತಡೆಯುವ ಮಾತ್ರೆಯ ಪ್ರಾಯೋಗಿಕ ಯೋಜನೆಯನ್ನು ತನ್ನವರ ನಡುವೆ ತಾನೇ ನಡೆಸಿತು. ಚೆನ್ನೈನಲ್ಲಿ ಒಂದು ಕಾಲಕ್ಕೆ ಏನೂ ತಿಳಿಯದೆ ತೋಳು ಚಾಚಿದವರ ವೃತ್ತಿಯವರೇ ಇಲ್ಲಿ ಯೋಜನೆಯ ಯಜಮಾನರಾದರು. ಇದಕ್ಕಿಂತ ದೊಡ್ಡ ಮುನ್ನಡೆ ನನಗೆ ಕಾಣುತ್ತಿಲ್ಲ.

ಈಗ ಕಾನೂನೂ ನಿಮ್ಮ ಬೆನ್ನಿಗಿದೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಸಂಶೋಧನೆಯಿಲ್ಲ. ಆದರೆ ಒಪ್ಪಿಗೆ ಪತ್ರ ಮನಮುಟ್ಟಬೇಕಾದರೆ ಅದನ್ನು ವಿವರಿಸಬಲ್ಲವರು ಬೇಕು. ಬಾಗಲಕೋಟೆಯ ಒಬ್ಬ ತಾಯಿಗೆ ಅವಳದೇ ಮಾತಿನಲ್ಲಿ ಓದಿ ಹೇಳುವವರು, ಅನುಮಾನ ಬಂದರೆ ವೈದ್ಯರನ್ನು ತಡೆದು ಕೇಳುವವರು.

ಚೆನ್ನೈನಲ್ಲಿ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರೇ, ಎಂಬಿಬಿಎಸ್ ಓದುವವರು ಐಸಿಎಂಆರ್‌ನ ಅಲ್ಪಾವಧಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಸಮಾಜಕಾರ್ಯ, ಕಾನೂನು, ಸಂಖ್ಯಾಶಾಸ್ತ್ರ ಓದುವವರಿಗೂ ಇಲ್ಲಿ ಜಾಗವಿದೆ. ಸಂಶೋಧನೆಯ ನೈತಿಕತಾ ಸಮಿತಿಗಳಲ್ಲಿ ವೈದ್ಯರಲ್ಲದವರ ಕುರ್ಚಿಗಳಿವೆ, ಸಮುದಾಯ ಸಲಹಾ ಮಂಡಳಿಗಳಿವೆ. ನೀವೇ ಸೋಂಕಿನೊಂದಿಗೆ ಬಾಳುತ್ತಿದ್ದರೆ ಆ ಕುರ್ಚಿಯ ಮೇಲೆ ಮೊದಲ ಹಕ್ಕು ನಿಮ್ಮದು. ಹೋಗಿ, ಕುಳಿತುಕೊಳ್ಳಿ, ಕೇಳಿ.