ಆಟಕ್ಕೊಂದು ಹಗೇವು



ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹಳಗನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಗಣಕಯಂತ್ರದ ಆಟವನ್ನು ಕುರಿತು ಮಾತನಾಡಲು ಬಂದಿದ್ದಾನೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಆಡುವುದು ನನಗೆ ಬಾರದು. ಆಟವನ್ನು ಯಂತ್ರದೊಳಗೆ ಎಲ್ಲಿ ಇಡುತ್ತಾರೆ, ಹೇಗೆ ಇಡುತ್ತಾರೆ, ಇಡುವುದರಲ್ಲಿ ಏನು ತಪ್ಪುತ್ತದೆ ಎಂಬಷ್ಟನ್ನು ಮಾತ್ರ ಕಳೆದ ವರ್ಷ ಸ್ವಲ್ಪ ದುಬಾರಿಯಾಗಿಯೇ ಕಲಿತೆ. ಅದನ್ನೇ ಈಗ ಹೇಳುತ್ತೇನೆ.

ನಾನು ಹುಟ್ಟಿದ್ದು ಅಜ್ಜಂಪುರದ ಕಡೆಯ ಹಳ್ಳಿಯಲ್ಲಿ. ಬಯಲುಸೀಮೆಯ ನಮ್ಮ ಮನೆಗಳಲ್ಲಿ ರಾಗಿಗೆ ಎರಡು ಜಾಗ. ವರ್ಷಗಟ್ಟಲೆ ಉಳಿಯಬೇಕಾದದ್ದು ನೆಲದೊಳಗಿನ ಹಗೇವಿಗೆ. ದಿನದ ಮುದ್ದೆಗೆ ಬೇಕಾದದ್ದು ಅಡುಗೆಮನೆಯ ಗುಡಾಣಕ್ಕೆ. ಹಗೇವು ತೆಗೆಯುವುದೆಂದರೆ ಅದೊಂದು ದೊಡ್ಡ ಕೆಲಸ. ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪ ಇಳಿಬಿಟ್ಟು ನೋಡಿ, ಆಮೇಲೆ ಆಳು ಇಳಿಯಬೇಕು. ಮುದ್ದೆಗೆ ಎಸರಿಟ್ಟ ಮೇಲೆ ಯಾರೂ ಹಗೇವಿಗೆ ಇಳಿಯುವುದಿಲ್ಲ. ಇಷ್ಟು ತಿಳಿದವರಿಗೆ ಗಣಕಯಂತ್ರದ ಉಗ್ರಾಣದ ಮುಕ್ಕಾಲು ಪಾಲು ತಿಳಿದಂತೆಯೇ ಸರಿ.

ನನ್ನ ಮೊಮ್ಮಗ ಕಡೂರಿನಲ್ಲಿ ನಮ್ಮ ಜೊತೆಗಿದ್ದು ಪಿ.ಯು.ಸಿ. ಓದುತ್ತಾನೆ. ಅವನು ಆಡುವುದು ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಆಟ. ಚೆಕ್ ದೇಶದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಎಂಬ ಸಂಸ್ಥೆ 2012ರಲ್ಲಿ ಹೊರತಂದದ್ದು. ಯೂರೋಪಿನ ಹೆದ್ದಾರಿಗಳಲ್ಲಿ ಲಾರಿ ಓಡಿಸಿ ಸರಕು ಮುಟ್ಟಿಸುವುದೇ ಅದರ ಕಥೆ. ಯಾರನ್ನೂ ಕೊಲ್ಲುವಂತಿಲ್ಲ, ಅದೊಂದು ಸಮಾಧಾನ. ಆದರೆ ಮೊಮ್ಮಗನ ಪರದೆಯ ಮೇಲೆ ನಾನು ಕಂಡದ್ದು ನಮ್ಮ ಸಾರಿಗೆ ಸಂಸ್ಥೆಯ ಕೆಂಪು ಬಸ್ಸು. ಹಣೆಯ ಮೇಲೆ ಕನ್ನಡದ ಫಲಕ ಹೊತ್ತು ಅದು ಜರ್ಮನಿಯ ರಸ್ತೆಯಲ್ಲಿ ಹೋಗುತ್ತಿತ್ತು. ಇದೇನಪ್ಪ ಎಂದು ಕೇಳಿದರೆ, "ಮಾಡ್ ತಾತ" ಎಂದ.

ಮಾಡ್ ಎಂದರೆ ಆಟಗಾರರೇ ತಯಾರಿಸಿ, ಒಬ್ಬರಿಗೊಬ್ಬರು ಹಂಚಿಕೊಳ್ಳುವ ಸೇರ್ಪಡೆ. ಒಬ್ಬ ಬಸ್ಸು ಮಾಡುತ್ತಾನೆ, ಇನ್ನೊಬ್ಬ ಅದರ ಹಾರ್ನಿನ ಸದ್ದು, ಮತ್ತೊಬ್ಬ ಭಾರತದ ರಸ್ತೆಗಳ ನಕ್ಷೆ, ಮಗುದೊಬ್ಬ ಮಳೆ. ಕೇಳುತ್ತ ಕೇಳುತ್ತ ನನ್ನ ಕಿವಿ ನಿಮಿರಿತು. ಇದು ನಮ್ಮ ಗ್ರಂಥಸಂಪಾದನೆಯ ಪ್ರಕ್ಷೇಪವಲ್ಲದೆ ಇನ್ನೇನು! ಲಿಪಿಕಾರನೊಬ್ಬ ಕವಿಯ ಪದ್ಯಗಳ ನಡುವೆ ತನ್ನದೊಂದನ್ನು ತೂರಿಸುತ್ತಾನೆ. ನೂರು ವರ್ಷಗಳ ಮೇಲೆ ಸಂಪಾದಕ ಕುಳಿತು ಯಾವುದು ಮೂಲ, ಯಾವುದು ಸೇರಿಕೆ ಎಂದು ಕಣ್ಣು ಬೇನೆ ಬರುವ ತನಕ ಹುಡುಕುತ್ತಾನೆ. ಈ ಹುಡುಗರು ನಮ್ಮ ಲಿಪಿಕಾರರಿಗಿಂತ ಪ್ರಾಮಾಣಿಕರು. ಮೂಲ ಆಟವನ್ನು ಅವರು ಮುಟ್ಟುವುದಿಲ್ಲ. ಪ್ರತಿಯೊಂದು ಸೇರ್ಪಡೆಯೂ ಬೇರೆಯದೇ ಕಡತವಾಗಿ, ಬೇರೆಯದೇ ಕೋಶದಲ್ಲಿರುತ್ತದೆ. ಎರಡು ಮಾಡ್‌ಗಳು ಒಂದೇ ವಸ್ತುವನ್ನು ಬದಲಿಸಹೊರಟರೆ ಪಟ್ಟಿಯಲ್ಲಿ ಮೇಲಿರುವುದರ ಮಾತೇ ನಡೆಯುತ್ತದೆ. ತೆಗೆದುಬಿಟ್ಟರೆ ಕೆಳಗಿನ ಮೂಲಪಾಠ ಇದ್ದ ಹಾಗೆಯೇ ಇರುತ್ತದೆ. ಇಂಥ ಸೌಕರ್ಯ ನಮ್ಮ ಹಸ್ತಪ್ರತಿ ವಿಭಾಗಗಳಲ್ಲಿ ಇದ್ದಿದ್ದರೆ ಎಷ್ಟು ವಿದ್ವಾಂಸರ ಜಗಳ ತಪ್ಪುತ್ತಿತ್ತೋ!

ಕಡತ ಎಂಬ ಮಾತು ಬಂತು. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಪುಸ್ತಕಕ್ಕೆ ಆ ಹೆಸರು. ನಮ್ಮ ಜಿಲ್ಲೆಯ ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಪರಿಚಿತವೇ. ಅಳಿಸಬಹುದು, ಮತ್ತೆ ಬರೆಯಬಹುದು. ಗಣಕದ ಫೈಲಿಗೂ ಇದೇ ಹೆಸರು ಇಟ್ಟವರು ಯಾರೋ, ಅವರಿಗೆ ನನ್ನ ನಮಸ್ಕಾರ.

ಈಗ ಜಾಗದ ಮಾತು. ಮೊಮ್ಮಗನ ಯಂತ್ರದಲ್ಲಿ ಎರಡು ಉಗ್ರಾಣಗಳಿವೆ. ಒಂದು ಎಸ್‌ಎಸ್‌ಡಿ, ಅದರಲ್ಲಿ ಅಲುಗಾಡುವ ಭಾಗವೇ ಇಲ್ಲ, ಕೇಳಿದ್ದನ್ನು ಕಣ್ಣೆವೆ ಇಕ್ಕುವಷ್ಟರಲ್ಲಿ ಕೊಡುತ್ತದೆ. ಅದರ ಹಿಡಿತ 256 ಗಿಗಾಬೈಟ್. ಇನ್ನೊಂದು ಹಾರ್ಡ್ ಡಿಸ್ಕು, ಅದರ ನಾಲ್ಕರಷ್ಟು ದೊಡ್ಡದು. ಅದರೊಳಗೆ ತಟ್ಟೆಗಳು ನಿಮಿಷಕ್ಕೆ 7,200 ಸುತ್ತು ತಿರುಗುತ್ತವೆ; ಓದುವ ಮುಳ್ಳು ಅತ್ತಿಂದಿತ್ತ ಓಡಾಡಿ ಬೇಕಾದ ಜಾಗ ಹುಡುಕಬೇಕು. ನಮಗೆ ಅದು ಕ್ಷಣದ ಕೆಲಸವಾದರೂ ಯಂತ್ರದ ಲೆಕ್ಕದಲ್ಲಿ ಹಗೇವಿಗೆ ಇಳಿದಂತೆ. ಬಸ್ಸು ಓಡುತ್ತಿರುವಾಗ ಮುಂದಿನ ಊರಿನ ಮನೆ, ಮರ, ಸೇತುವೆಗಳು ಆಗಿಂದಾಗ್ಗೆ ಉಗ್ರಾಣದಿಂದ ಬರುತ್ತಿರಬೇಕಾದ್ದರಿಂದ, ಹಾರ್ಡ್ ಡಿಸ್ಕಿನಲ್ಲಿಟ್ಟರೆ ಬಸ್ಸು ತಡವರಿಸುತ್ತದೆ. ಕೆಲವೊಮ್ಮೆ ಮರವಿಲ್ಲದ ಊರು ಬಂದು, ಮರ ಆಮೇಲೆ ಬರುತ್ತದೆ. ಆದ್ದರಿಂದ ಆಟವನ್ನು ಎಸ್‌ಎಸ್‌ಡಿಯಲ್ಲೇ ಇಡಬೇಕೆಂದು ಎಲ್ಲರಿಗೂ ಆಸೆ.

ಆದರೆ ಎಸ್‌ಎಸ್‌ಡಿಯನ್ನು ಗಂಟಲಮಟ ತುಂಬುವಂತಿಲ್ಲ. ಬರೆದ ಮೇಲೆಯೇ ಮತ್ತೆ ಬರೆಯುವುದು ಅದಕ್ಕೆ ಬಾರದು. ಒಂದು ಪೂರಾ ಮಡಿಕೆಯನ್ನು ಅಳಿಸಿ ಚೊಕ್ಕ ಮಾಡಿಕೊಂಡೇ ಹೊಸದನ್ನು ಬರೆಯಬೇಕು. ಹಾಗೆ ಅಳಿಸಿಕೊಳ್ಳಲು ಒಂದಿಷ್ಟು ಖಾಲಿ ಜಾಗ ಇಲ್ಲದಿದ್ದರೆ ಅದು ನಿಧಾನವಾಗುತ್ತದೆ. ಹತ್ತರಲ್ಲಿ ಒಂದೆರಡು ಪಾಲು ಖಾಲಿ ಬಿಡುವುದು ವಾಡಿಕೆ.

ಮೊಮ್ಮಗನ ಪೇಚು ಶುರುವಾದದ್ದು ಇಲ್ಲಿ. ಈ ಆಟವನ್ನು ನೀವು ಯಾವ ಡ್ರೈವಿನಲ್ಲಿ ಸ್ಥಾಪಿಸಿದರೂ ಮಾಡ್‌ಗಳ ಕೋಶ ಮಾತ್ರ ಡಾಕ್ಯುಮೆಂಟ್ಸ್ ಎಂಬಲ್ಲಿ, ಅಂದರೆ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಹೋಗಿ ಕೂರುತ್ತದೆ. ಆಟದ ಹೊಸ ಆವೃತ್ತಿ ಬಂದಾಗ ಹಳೆಯ ಮಾಡ್‌ಗಳು ಕೈಕೊಡುತ್ತವೆ. ಹೊಸದನ್ನು ಇಳಿಸಿಕೊಳ್ಳುತ್ತಾನೆ, ಹಳೆಯದನ್ನು ಬಿಸಾಡಲು ಮನಸ್ಸು ಬಾರದು. ಒಂದೇ ನಕ್ಷೆ ಮೂರು ಪ್ರತಿ. ಹೀಗೆ ಅವನ ಕೋಶ 90 ಗಿಗಾಬೈಟ್ ದಾಟಿ, ಸಿ ಡ್ರೈವಿನ ಪಟ್ಟಿ ಕೆಂಪಗಾಯಿತು.

ಅದಕ್ಕೊಂದು ಉಪಾಯ ಹುಡುಕಿದ. ಅಪರೂಪಕ್ಕೆ ಬೇಕಾಗುವ ಮಾಡ್‌ಗಳ ಕೋಶವನ್ನು ಡಿ ಡ್ರೈವಿಗೆ ಸಾಗಿಸಿ, ಹಳೆಯ ಜಾಗದಲ್ಲಿ ಅದೇ ಹೆಸರಿನ ಒಂದು ಕೊಂಡಿ ಇಟ್ಟ. ಆಟ ಹಳೆಯ ಬಾಗಿಲಿನಲ್ಲೇ ಒಳಗೆ ಹೋಗುತ್ತದೆ, ಹೊಕ್ಕದ್ದು ಬೇರೆ ಮನೆಯನ್ನು ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ. "ಏನಂತಾರೋ ಇದಕ್ಕೆ?" ಎಂದೆ. "ಜಂಕ್ಷನ್ ತಾತ." ನಾನು ನಕ್ಕುಬಿಟ್ಟೆ. ಕಡೂರಿನವನಿಗೆ ಜಂಕ್ಷನ್ ಹೇಳಿಕೊಡಬೇಕೆ? ಪಕ್ಕದಲ್ಲೇ ಬೀರೂರು ಜಂಕ್ಷನ್. ಅಲ್ಲಿಂದ ಒಂದು ಹಳಿ ತರೀಕೆರೆಗೆ, ಇನ್ನೊಂದು ಅಜ್ಜಂಪುರಕ್ಕೆ. ನಿದ್ದೆಗಣ್ಣಿನಲ್ಲಿ ಹತ್ತಿದ ಪ್ರಯಾಣಿಕ ಎಲ್ಲಿ ಇಳಿಯುತ್ತಾನೆಂಬುದು ಹಳಿ ತಿರುಗಿಸಿದವನಿಗೇ ಗೊತ್ತು.

ಇಷ್ಟರ ತನಕ ತಮಾಷೆ. ಅದೇ ಸಿ ಡ್ರೈವಿನಲ್ಲಿ ನನ್ನದೂ ಒಂದು ಕೋಶವಿತ್ತು. 1986ರಲ್ಲಿ, ಎರವಲು ತಂದ ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ನಾನು ಅಜ್ಜಂಪುರದ ಸುತ್ತಿನಲ್ಲೂ ಕಡೂರು ತಾಲ್ಲೂಕಿನ ದೇವನೂರಿನ ಕಡೆಯಲ್ಲೂ ತಿರುಗಿದ್ದೆ. ಲಕ್ಷ್ಮೀಶ ಕವಿಯ ಊರೆಂದು ದೇವನೂರು ಪ್ರಸಿದ್ಧ. ಅವನ ಜೈಮಿನಿ ಭಾರತವನ್ನು ಮನೆಯ ಪಡಸಾಲೆಯಲ್ಲಿ ಓದುತ್ತಿದ್ದ ಹಿರಿಯರು ಆಗ ಇನ್ನೂ ಇದ್ದರು. ವಾರ್ಧಕ ಷಟ್ಪದಿಯನ್ನು ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ಬಿಡಬೇಕು ಎಂಬುದನ್ನು ಯಾವ ಛಂದಶ್ಶಾಸ್ತ್ರವನ್ನೂ ಓದದೆ ಬಲ್ಲವರು. ಹನ್ನೊಂದು ಕ್ಯಾಸೆಟ್ಟುಗಳಾದವು. ಬಹಳ ವರ್ಷಗಳ ಮೇಲೆ ಅವನ್ನು ಗಣಕಕ್ಕೆ ಇಳಿಸಿದೆವು. ಟೇಪುಗಳಿಗೆ ಬೂಷ್ಟು ಹಿಡಿದಿದೆಯೆಂದು ನಾನೇ ಹೊರಹಾಕಿದೆ. ಹನ್ನೊಂದು ಗಂಟೆಯ ಆ ಓದು ಸುಮಾರು 7 ಗಿಗಾಬೈಟ್ ಆಗಿತ್ತು. ಮೊಮ್ಮಗನ ಮಾಡ್‌ಗಳ ಮುಂದೆ ಅದು ಮೂಲೆಗೆ ಒತ್ತರಿಸಿದ ಒಂದು ಗಂಟು.

ಒಂದು ಸಂಜೆ ಅವನು ಬಂದು, "ತಾತ, ನಿಮ್ಮ ಫೋಲ್ಡರ್ ಬೇರೆ ಕಡೆ ಇಡಲಾ? ಜಾಗ ಸಾಲುತ್ತಿಲ್ಲ" ಎಂದ. ಅಟ್ಟದ ಮೇಲೆ ಹೊರಗಿನಿಂದ ಜೋಡಿಸುವ ಹಳೆಯ ಡಿಸ್ಕೊಂದಿತ್ತು. "ಅದಕ್ಕೆ ಸಾಗಿಸಿಬಿಡು ಮರಿ" ಎಂದೆ. ಸಾಗಿಸು ಎಂದೆ, ಪ್ರತಿ ಮಾಡು ಎನ್ನಲಿಲ್ಲ. ಹಸ್ತಪ್ರತಿಶಾಸ್ತ್ರದ ಪಾಠ ಹೇಳಿದವನ ಬಾಯಿಂದ ಬಂದ ಮಾತು ಇದು. ಹುಡುಗ ಹೇಳಿದಂತೆ ಮಾಡಿದ. ಎರಡು ತಿಂಗಳ ಮೇಲೆ ಡಿಸ್ಕನ್ನು ಜೋಡಿಸಿದರೆ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು, ಹಲ್ಲಿ ಲೊಚಗುಟ್ಟಿದ ಹಾಗೆ. ಆಮೇಲೆ ಅದೂ ನಿಂತಿತು. ಬೆಂಗಳೂರಿನಲ್ಲಿ ಇಂಥದ್ದನ್ನು ತೆರೆದು ನೋಡುವವರಿಗೆ ಕೊಟ್ಟೆವು. ತಟ್ಟೆಯ ಮೇಲೆಯೇ ಗೀರು ಬಿದ್ದಿದೆ, ಏನೂ ಬರುವುದಿಲ್ಲ ಎಂದರು.

ಮೊಮ್ಮಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಬಯ್ಯಲಿಲ್ಲ, ಬಯ್ಯಬೇಕಾದವನು ಕನ್ನಡಿಯಲ್ಲಿ ಸಿಗುತ್ತಿದ್ದ. ಮೂರನೆಯ ದಿನ ಇಬ್ಬರೂ ಕಾಗದ ಹಿಡಿದು ಕೂತು, ಯಂತ್ರದಲ್ಲಿ ಏನೇನಿದೆ ಎಂದು ಬರೆದೆವು. ಆಗ ಹೊಳೆದದ್ದು ಇದು. 90 ಗಿಗಾಬೈಟ್ ಮಾಡ್‌ಗಳಲ್ಲಿ ಹೆಚ್ಚಿನವು ಹೋದರೂ ನಾಳೆ ಮತ್ತೆ ಇಳಿಸಿಕೊಳ್ಳಬಹುದು. ಮತ್ತೆ ಸಿಗದಿರುವುದು ಯಾವ ಮಾಡ್ ಯಾವುದರ ಮೇಲೆ ಎಂಬ ಅವನ ಪಟ್ಟಿ, ಅವನು ಆಡಿದ ಆಟದ ಉಳಿಕೆ, ಆಟದೊಂದಿಗೇ ಬರುವ ನಕ್ಷೆ ತಿದ್ದುವ ಸಾಧನದಲ್ಲಿ ಅವನೇ ಕಟ್ಟುತ್ತಿರುವ ಒಂದು ತುಂಡು ರಸ್ತೆ. ಈ ಮೂರೂ ಸೇರಿ ಒಂದು ಪೆನ್‌ಡ್ರೈವಿನ ಮೂಲೆಗೂ ಸಾಲವು. ನಾವು ಮಾಡಿದ್ದೇನೆಂದರೆ, ಅಂಗಡಿಯಲ್ಲಿ ಸಿಗುವ ರಾಗಿಯನ್ನು ಬೆಳ್ಳಿಯ ಡಬ್ಬಿಯಲ್ಲಿ ತುಂಬಿ, ಬಿತ್ತನೆಯ ಬೀಜವನ್ನು ಹರಕು ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಎಸೆದದ್ದು.

ತರೀಕೆರೆಯಲ್ಲಿ ನನ್ನ ಸಹಪಾಠಿಯೊಬ್ಬರಿದ್ದಾರೆ. ಮಕ್ಕಳಿಗೆ ಗಮಕ ಹೇಳಿಕೊಡುವವರು. ಫೋನಿನಲ್ಲಿ ನನ್ನ ಗೋಳು ಕೇಳಿ, "ಮಾರಾಯರೆ, ನೀವು 2018ರಲ್ಲಿ ನನಗೊಂದು ಪೆನ್‌ಡ್ರೈವ್ ಕೊಟ್ಟಿದ್ದಿರಿ, ಮರೆತಿರಾ?" ಎಂದರು. ಮರೆತಿದ್ದೆ. ಮಾರನೆಯ ದಿನವೇ ಬಸ್ಸು ಹತ್ತಿದೆ. ಅದರಲ್ಲಿ ನಾಲ್ಕು ಕ್ಯಾಸೆಟ್ಟುಗಳ ಓದಿತ್ತು. ಉಳಿದ ಏಳು ಇಲ್ಲ. ದೇವನೂರಿನ ಕಡೆ ಸಿಕ್ಕಿದ್ದ ಒಬ್ಬ ಅಜ್ಜಿಯ ದನಿ, ಪದ್ಯದ ನಡುವೆ ಎಮ್ಮೆ ಕೂಗಿದ್ದಕ್ಕೆ ಅವರು ಓದು ನಿಲ್ಲಿಸಿ ನಕ್ಕದ್ದು, ಆ ಏಳರಲ್ಲಿತ್ತು.

ಮಿತ್ರರು ನನ್ನ ಮುಖ ನೋಡಲಾರದೆ ಅಮೃತಾಪುರಕ್ಕೆ ಕರೆದೊಯ್ದರು. 1196ರ ಅಮೃತೇಶ್ವರ ದೇವಾಲಯ; ಅಲ್ಲಿಯ ಶಾಸನ ಜನ್ನ ಕವಿಯ ರಚನೆ. ಎಂಟುನೂರು ವರ್ಷ ನಿಂತ ಕಲ್ಲಿನ ಮುಂದೆ ನಾನು ಯೋಚಿಸಿದ್ದು ಕಲ್ಲಿನ ಗಟ್ಟಿತನವನ್ನಲ್ಲ. ಅದೂ ಒಂದೇ ಪ್ರತಿ. ನಮ್ಮ ಜಿಲ್ಲೆಯನ್ನು ಇನ್ನೂ ಕಡೂರು ಜಿಲ್ಲೆಯೆಂದು ಕರೆಯುತ್ತಿದ್ದ ಕಾಲದಲ್ಲಿ, 1901ರಲ್ಲಿ, ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟದಲ್ಲಿ ಈ ಸೀಮೆಯ ಶಾಸನಗಳನ್ನೆಲ್ಲ ಅಚ್ಚು ಹಾಕಿಸಿದರು. ಆಮೇಲೆ ಮಳೆಗೂ ಬಿಸಿಲಿಗೂ ಆ ಅಕ್ಷರಗಳ ಮೇಲೆ ಮೊದಲಿನಷ್ಟು ಅಧಿಕಾರ ಉಳಿಯಲಿಲ್ಲ.

ಈಗ ನಾಲ್ಕು ಓದುಗಳೂ ಕಡೂರಿನಲ್ಲಿ ಎರಡು ಡಿಸ್ಕುಗಳ ಮೇಲೆ, ತರೀಕೆರೆಯಲ್ಲಿ ಒಂದರ ಮೇಲೆ, ಅಜ್ಜಂಪುರದ ತಮ್ಮನ ಮನೆಯಲ್ಲಿ ಇನ್ನೊಂದರ ಮೇಲೆ ಇವೆ. ಎಸ್‌ಎಸ್‌ಡಿಯನ್ನು ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಮೂಲೆಯಲ್ಲಿಟ್ಟರೆ ಬರೆದದ್ದು ಮಾಸಬಹುದೆಂದು ತಿಳಿದು, ಆ ಕೆಲಸಕ್ಕೆ ಹಾರ್ಡ್ ಡಿಸ್ಕುಗಳನ್ನೇ ತಂದೆವು. ಯುಗಾದಿಗೂ ದೀಪಾವಳಿಗೂ ಅವನ್ನು ಜೋಡಿಸಿ, ಕೇಳಿ ನೋಡುತ್ತೇವೆ.

ಐದನೆಯ ಪ್ರತಿಯೂ ಒಂದಿದೆ, ನಾನು ಹೇಳದೆ ಆದದ್ದು. ಆ ಆಟದ ಬಸ್ಸಿನಲ್ಲಿ ರೇಡಿಯೋ ಉಂಟು. ನಮಗೆ ಬೇಕಾದ ಹಾಡಿನ ಕಡತಗಳನ್ನು ಅದರ ಕೋಶದಲ್ಲಿಟ್ಟರೆ ಅವೇ ಬರುತ್ತವೆ. ಮೊನ್ನೆ ರಾತ್ರಿ ಮೊಮ್ಮಗ ತಾನು ಕಟ್ಟುತ್ತಿರುವ ರಸ್ತೆಯಲ್ಲಿ ಬಸ್ಸು ಬಿಟ್ಟಿದ್ದ. ತರೀಕೆರೆಯಿಂದ ಅಜ್ಜಂಪುರದ ಕಡೆಗೆ ಹೊರಡುವ ರಸ್ತೆ ಅದು, ಇನ್ನೂ ಅರ್ಧವೇ ಆಗಿದೆ. ಆಚೆಗೆ ಬರೀ ಹಸಿರು ನೆಲ. ಬಸ್ಸಿನೊಳಗೆ 1986ರ ಒಬ್ಬ ಮುದುಕರು ಚಂದ್ರಹಾಸನ ಕಥೆ ಓದುತ್ತಿದ್ದರು. ರಸ್ತೆ ಮುಗಿದಲ್ಲಿ ಬಸ್ಸು ನಿಲ್ಲಿಸಿ, ಓದನ್ನೂ ನಿಲ್ಲಿಸಿ, ಹುಡುಗ ನನ್ನ ಕಡೆ ತಿರುಗಿ, "ತಾತ, ಆ ಪದದ ಅರ್ಥ ಏನು?" ಎಂದು ಕೇಳಿದ.