ಬಂಡವಾಳದ ಅಡತಿಯಲ್ಲಿ ದುಡಿಮೆ

ಆಳಂದ, ಅಫಜಲಪುರ, ಜೇವರ್ಗಿಗಳ ಕಡೆ ಮಗನಿಗೆ ಬ್ಯಾಂಕಿನಲ್ಲಿ ನೌಕರಿ ಎಂದರೆ ಕಣ್ಣಿಗೆ ಕಟ್ಟುವುದು ಪಾಸ್‌ಬುಕ್ಕು, ಬೆಳೆಸಾಲ, ಸಂಜೆಗೆ ಮುಚ್ಚುವ ಬಾಗಿಲು. 2004ರಿಂದ ಬೆಂಗಳೂರಿನಲ್ಲೂ ಕಚೇರಿಯಿರುವ ಗೋಲ್ಡ್‌ಮನ್ ಸ್ಯಾಕ್ಸ್‌ನಂಥ ಹೂಡಿಕೆ ಬ್ಯಾಂಕು ಆ ಬಗೆಯದಲ್ಲ. ಅದನ್ನು ನಮ್ಮ ತೊಗರಿ ಪೇಟೆಯ ಅಡತಿ ಅಂಗಡಿಗೆ ಹೋಲಿಸಬಹುದು. ಅಡತಿಯವನು ರೈತನಿಗೂ ಖರೀದಿದಾರನಿಗೂ ನಡುವೆ ನಿಂತು ದಲಾಲಿ ಪಡೆಯುವಂತೆ, ಅದು ಬಂಡವಾಳ ಬೇಕಾದ ಕಂಪನಿಗೂ ಹಣವುಳ್ಳವರಿಗೂ ನಡುವೆ ನಿಲ್ಲುತ್ತದೆ. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಬೆಲೆ ಕಟ್ಟಿಕೊಡುತ್ತದೆ.

ಬೆಲೆ ಕಟ್ಟುವ ಆ ಲೆಕ್ಕದ ಹೊರೆಯೆಲ್ಲ ಕಿರಿಯರ ಹೆಗಲ ಮೇಲೆ. ಕೋಷ್ಟಕಗಳನ್ನು ತುಂಬಬೇಕು, ಮೇಲಿನವರು ತಿದ್ದಿ ಕಳಿಸಿದ್ದನ್ನು ಮತ್ತೆ ಬರೆಯಬೇಕು. ಅಮೆರಿಕದ ಪೇಟೆಯೊಡನೆ ವ್ಯವಹರಿಸುವವರಿಗಂತೂ ಗಡಿಯಾರವೂ ಪರದೇಶದ್ದೇ: ನ್ಯೂಯಾರ್ಕಿನ ಷೇರುಪೇಟೆ ತೆರೆಯುವಾಗ ನಮ್ಮಲ್ಲಿ ಸಂಜೆ 7 ಗಂಟೆ, ಚಳಿಗಾಲದಲ್ಲಿ 8. 2021ರಲ್ಲಿ ಇದೇ ಬ್ಯಾಂಕಿನ ಅಮೆರಿಕದ 13 ಮಂದಿ ಕಿರಿಯರು ತಮ್ಮೊಳಗೇ ಲೆಕ್ಕ ತೆಗೆದರು: ವಾರಕ್ಕೆ ಸರಾಸರಿ 95 ಗಂಟೆ ದುಡಿಮೆ, ರಾತ್ರಿಗೆ 5 ಗಂಟೆ ನಿದ್ರೆ. 2024ರಲ್ಲಿ ಜೆ.ಪಿ. ಮಾರ್ಗನ್ ಕಿರಿಯರ ದುಡಿಮೆಗೆ ಮಿತಿಯೊಂದನ್ನು ಹಾಕಿತು; ಆ ಮಿತಿಯೇ 80 ಗಂಟೆ!

ತೊಗರಿಯ ರಾಶಿಯ ದಿನಗಳಲ್ಲಿ ನಮ್ಮ ಒಕ್ಕಲಿಗನೂ ನಿದ್ದೆಗೆಡುತ್ತಾನೆ. ಆದರೆ ರಾಶಿ ಮುಗಿಯುತ್ತದೆ, ಕಣ ಬರಿದಾಗುತ್ತದೆ. ಅಲ್ಲಿ ಒಂದು ವ್ಯವಹಾರ ಮುಗಿಯುವ ಮೊದಲೇ ಇನ್ನೊಂದು ಮೇಜಿಗೆ ಬಂದಿರುತ್ತದೆ. ಸಂಬಳ ದೊಡ್ಡದು, ನಿಜ. ಆ ಹಣದಿಂದ ಅಪ್ಪನ ಸಾಲ ತೀರಿಸುವ ಮಗನನ್ನು ನಾನು ಹಳಿಯಲಾರೆ. ಹಬ್ಬಕ್ಕೆ ಊರಿಗೆ ಬಂದವನನ್ನು, ಸಂಬಳವೆಷ್ಟು ಎಂದು ವಿಚಾರಿಸುವ ಮೊದಲು, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಿ ಎಂದು ಕೇಳುವ ಒಬ್ಬರಾದರೂ ಮನೆಯಲ್ಲಿರಲಿ.